ಪವಿತ್ರ ಗುರುವಾರದ ಸುಗಂಧದ ರೊಟ್ಟಿ

ಗರಿಗಳ ಭಾನುವಾರದಂದು ಆಶೀರ್ವದಿಸಲ್ಪಟ್ಟ ತೆಂಗಿನ ಗರಿ ಮನೆಯ ಶಿಲುಬೆಯ ಹಿಂದೆ ಸೇರಿಕೊಂಡ ಮೇಲೆ ನಮ್ಮ ಕಥೋಲಿಕ ಕುಟುಂಬಗಳ ಅಡುಗೆಮನೆಗಳಲ್ಲಿ ಒಂದು ಬಗೆಯ ಮೌನ ನೆಲೆಸುತ್ತದೆ. ಮಾಂಸದ ಪಾತ್ರೆಗಳು ಅಟ್ಟ ಸೇರುತ್ತವೆ. ಹಬ್ಬದ ಅಡುಗೆಯ ಮಾತು ಪಾಸ್ಖದ ಜಾಗರಣೆಯ ತನಕ ಯಾರ ಬಾಯಲ್ಲಿಯೂ ಬರುವುದಿಲ್ಲ. ಇದು ಉಚಿತವೇ ಸರಿ. ಆದರೆ ಈ ವಾರದ ನಡುವೆ ಒಂದು ಗುರುವಾರವಿದೆ. ಯೇಸುಸ್ವಾಮಿಯು ಶಿಷ್ಯರೊಡನೆ ಮೇಜಿನ ಸುತ್ತ ಕುಳಿತು ರೊಟ್ಟಿಯನ್ನು ಕೈಗೆತ್ತಿಕೊಂಡ ದಿನವದು. ರೊಟ್ಟಿಯ ಮೂಲಕವೇ ನಮಗೆ ತಮ್ಮನ್ನು ಬಿಟ್ಟುಹೋದ ಆ ದಿನ ನಮ್ಮ ಅನೇಕ ಮನೆಗಳ ಮೇಜಿನ ಮೇಲೆ ರೊಟ್ಟಿಯೇ ಇರುವುದಿಲ್ಲವೆಂಬುದನ್ನು ನಾವು ಗಮನಿಸಿದ್ದೇವೆಯೇ?

ನೆರೆಯ ಕೇರಳದ ಸಂತ ತೋಮಾಸರ ಕ್ರೈಸ್ತರಲ್ಲಿ ಹಾಗಿಲ್ಲ. ಅಕ್ಕಿ ಮತ್ತು ಉದ್ದಿನ ಹಿಟ್ಟಿನಿಂದ ಹುಳಿಯಿಲ್ಲದ ‘ಪೆಸಹಾ ಅಪ್ಪ’ವನ್ನು ಆ ದಿನ ಮನೆಯಲ್ಲೇ ಬೇಯಿಸಿ, ಗರಿಯ ಶಿಲುಬೆಯನ್ನು ಅದರ ಮೇಲಿಟ್ಟು, ರಾತ್ರಿಯ ಪ್ರಾರ್ಥನೆಯ ನಂತರ ಮನೆಯ ಯಜಮಾನನು ಮುರಿದು ಎಲ್ಲರಿಗೂ ಹಂಚುತ್ತಾನೆ. ನಮ್ಮ ಕರಾವಳಿಯಲ್ಲಿಯೂ ಇಂತಹ ಪದ್ಧತಿ ಇಲ್ಲದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳುಗಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ, ಕುಟುಂಬದವರೆಲ್ಲರೂ ಒಟ್ಟಿಗೆ ಕುಳಿತು ಸೇವಿಸುವುದನ್ನು ನಾವು ಬಲ್ಲೆವು. ದೇವಾಲಯದಿಂದ ಊಟದ ಮೇಜಿಗೆ ಒಂದು ದಾರಿಯಿದೆಯೆಂಬುದನ್ನು ನಮ್ಮ ಹಿರಿಯರು ಮರೆತಿರಲಿಲ್ಲ.

ಇದೇ ಭಾವನೆಯ ಇನ್ನೊಂದು ರೊಟ್ಟಿಯ ವಿಷಯವನ್ನು ಈ ವಾರ ನಮ್ಮ ಕುಟುಂಬಗಳ ಮುಂದಿಡಲು ಬಯಸುತ್ತೇನೆ. ಅದು ಇಟಲಿ ದೇಶದ ಫ್ಲಾರೆನ್ಸ್ ನಗರದ್ದು. ಅಲ್ಲಿ ಕೆಲವು ಕಾಲ ಸೇವೆಯಲ್ಲಿದ್ದ ನಮ್ಮ ಸಂಬಂಧಿ ಸನ್ಯಾಸಿನಿಯೊಬ್ಬರು ರಜೆಯಲ್ಲಿ ಊರಿಗೆ ಬಂದಾಗ ಇದನ್ನು ಮಾಡುವ ಕ್ರಮವನ್ನು ನನಗೆ ಬರೆದುಕೊಟ್ಟರು. ಅದರ ಹೆಸರು ‘ಪಾನ್ ದಿ ರಾಮೆರಿನೊ’. ಟಸ್ಕನಿ ಪ್ರಾಂತ್ಯದ ಆಡುನುಡಿಯಲ್ಲಿ ರಾಮೆರಿನೊ ಎಂದರೆ ರೋಸ್‌ಮೆರಿ. ಆದ್ದರಿಂದ ಇದು ರೋಸ್‌ಮೆರಿಯ ರೊಟ್ಟಿ.

ಫ್ಲಾರೆನ್ಸಿನ ಬೀದಿಗಳಲ್ಲಿ

ಈ ರೊಟ್ಟಿಯ ಚರಿತ್ರೆ ಮಧ್ಯಯುಗದಷ್ಟು ಹಿಂದಕ್ಕೆ ಹೋಗುತ್ತದೆ. ಅಂಗೈಯಗಲದ ದುಂಡನೆಯ ಬನ್ನು; ಒಳಗೆ ಒಣದ್ರಾಕ್ಷಿ ಮತ್ತು ರೋಸ್‌ಮೆರಿ ಎಲೆ; ಹಿಟ್ಟಿಗೆ ಆಲಿವ್ ಎಣ್ಣೆ; ಮೇಲ್ಭಾಗದಲ್ಲಿ ಚೂರಿಯಿಂದ ಗೀರಿದ ಶಿಲುಬೆಯ ಗುರುತು; ಹೊರಗೆ ಮಿರುಗುವ ತೆಳುವಾದ ಸಿಹಿಲೇಪ. ಪವಿತ್ರ ಗುರುವಾರದಂದು ಬುಟ್ಟಿ ಹೊತ್ತ ಮಾರಾಟಗಾರರು ಚರ್ಚುಗಳ ಬಾಗಿಲ ಬಳಿ ನಿಂತು ಇದನ್ನು ಮಾರುತ್ತಿದ್ದರು. ಧರ್ಮಗುರುಗಳಿಂದ ಅದನ್ನು ಆಶೀರ್ವದಿಸಿಕೊಳ್ಳುವ ವಾಡಿಕೆಯೂ ಇತ್ತು. ಇಂದು ಫ್ಲಾರೆನ್ಸಿನ ಬೇಕರಿಗಳಲ್ಲಿ ಅದು ವರ್ಷವಿಡೀ ಸಿಗುತ್ತದೆಯಾದರೂ ಪವಿತ್ರ ವಾರದೊಡನೆ ಅದಕ್ಕಿರುವ ನಂಟು ಕಡಿದುಹೋಗಿಲ್ಲ.

ಅಂದು ಸಂಜೆಯ ಬಲಿಪೂಜೆಯ ಬಳಿಕ ಪರಮ ಪ್ರಸಾದವನ್ನು ಅಲಂಕೃತ ಪೀಠಕ್ಕೆ ಒಯ್ದು ಇರಿಸುವುದನ್ನೂ, ಭಕ್ತರು ಅದರ ಮುಂದೆ ಜಾಗರಣೆ ಮಾಡುವುದನ್ನೂ ನಾವೆಲ್ಲ ಬಲ್ಲೆವು. ಇಟಲಿಯಲ್ಲಿ ಜನರು ಒಂದು ಚರ್ಚಿನಿಂದ ಇನ್ನೊಂದಕ್ಕೆ ನಡೆಯುತ್ತ ಇಂತಹ ಹಲವು ಪೀಠಗಳನ್ನು ಸಂದರ್ಶಿಸುವ ಪದ್ಧತಿಯಿದೆ. ಏಳು ದೇವಾಲಯಗಳ ಯಾತ್ರೆಯನ್ನು ರೋಮಿನಲ್ಲಿ ಜನಪ್ರಿಯಗೊಳಿಸಿದ ಸಂತ ಫಿಲಿಪ್ ನೇರಿಯವರು 1515ರಲ್ಲಿ ಹುಟ್ಟಿದ್ದು ಇದೇ ಫ್ಲಾರೆನ್ಸಿನಲ್ಲಿ. ಹೀಗೆ ನಡೆದು ದಣಿದವರ ಕೈಗೆ ಬಿಸಿಬಿಸಿಯಾದ, ಪರಿಮಳದ ಪುಟ್ಟ ರೊಟ್ಟಿಯೊಂದು ಸಿಕ್ಕರೆ ಎಷ್ಟು ಹಿತವೆಂಬುದನ್ನು ನಾವೇ ಊಹಿಸಿಕೊಳ್ಳಬಹುದು.

ಇದರಲ್ಲಿ ಬೆಣ್ಣೆಯಿಲ್ಲ, ಹಾಲಿಲ್ಲ ಎಂಬುದನ್ನು ಗಮನಿಸಬೇಕು. ಮಧ್ಯಯುಗದ ತಪಸ್ಸುಕಾಲದಲ್ಲಿ ಮಾಂಸ ಮಾತ್ರವಲ್ಲ, ಮೊಟ್ಟೆ, ಹಾಲು, ಬೆಣ್ಣೆಗಳೂ ವರ್ಜ್ಯವಾಗಿದ್ದವು. ಎಣ್ಣೆ, ಒಣಹಣ್ಣು, ಸೊಪ್ಪುಗಳಿಂದ ಮಾಡಿದ ಇಂತಹ ರೊಟ್ಟಿ ವ್ರತಕ್ಕೂ ಹೊಂದುತ್ತಿತ್ತು, ನಾಲಗೆಗೂ ರುಚಿಸುತ್ತಿತ್ತು. ಟಸ್ಕನಿಯ ಇನ್ನೊಂದು ವಿಶೇಷವೆಂದರೆ ಅಲ್ಲಿನ ನಿತ್ಯದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. 1302ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರಾದ ಮಹಾಕವಿ ದಾಂತೆ ಪರರ ಮನೆಯ ರೊಟ್ಟಿಯ ಉಪ್ಪನ್ನು ತನ್ನ ಕಾವ್ಯದಲ್ಲಿ ನೆನೆದಿದ್ದಾನೆ. ಮಕ್ಕಳನ್ನು ಗಲ್ಫ್ ದೇಶಗಳಿಗೆ ಕಳುಹಿಸಿ, ಹಬ್ಬದ ದಿನ ದೂರವಾಣಿಯಲ್ಲಿ ಅವರ ಧ್ವನಿಗಾಗಿ ಕಾಯುವ ನಮ್ಮ ಊರುಗಳ ತಂದೆತಾಯಂದಿರಿಗೆ ಆ ಉಪ್ಪಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಮಾತೆ ಮರಿಯಮ್ಮನವರ ಗಿಡ

ರೋಸ್‌ಮೆರಿ ಮೆಡಿಟರೇನಿಯನ್ ಸಮುದ್ರತೀರದ ಗಿಡ. ಲ್ಯಾಟಿನ್ ಭಾಷೆಯ ಅದರ ಹೆಸರಿಗೆ ‘ಕಡಲ ಇಬ್ಬನಿ’ ಎಂದು ಅರ್ಥ ಹೇಳುತ್ತಾರೆ. ನಮ್ಮ ತುಳಸಿ, ಪುದೀನ, ದೊಡ್ಡಪತ್ರೆಗಳೆಲ್ಲವೂ ಇದೇ ಸಸ್ಯಕುಟುಂಬಕ್ಕೆ ಸೇರಿದವು. ಬೆರಳಿನಿಂದ ಉಜ್ಜಿದೊಡನೆ ಪರಿಮಳ ಬಿಡುವ ಗುಣ ಇವೆಲ್ಲಕ್ಕೂ ಸಮಾನ. ಹೆರೋದನ ಕತ್ತಿಗೆ ಹೆದರಿ ಪವಿತ್ರ ಕುಟುಂಬವು ಈಜಿಪ್ಟಿಗೆ ಪಲಾಯನ ಮಾಡುತ್ತಿದ್ದಾಗ ಮಾತೆ ಮರಿಯಮ್ಮನವರು ತಮ್ಮ ನೀಲಿ ಮೇಲುಹೊದಿಕೆಯನ್ನು ಈ ಪೊದೆಯ ಮೇಲೆ ಹರಡಿದರೆಂದೂ, ಬಿಳಿಯಾಗಿದ್ದ ಅದರ ಹೂಗಳು ಅಂದಿನಿಂದ ನೀಲಿಯಾದವೆಂದೂ ಯೂರೋಪಿನ ಜನಪದರಲ್ಲಿ ಒಂದು ಐತಿಹ್ಯವಿದೆ. ಇದು ಶುಭಸಂದೇಶದ ಮಾತಲ್ಲ, ಭಕ್ತ ಜನರ ಕಲ್ಪನೆ. ಆದರೂ ‘ನೆನಪಿನ ಗಿಡ’ವೆಂದು ಯೂರೋಪಿನಲ್ಲಿ ಹೆಸರಾದ ಅದನ್ನು, ತಮ್ಮ ನೆನಪಿಗಾಗಿ ರೊಟ್ಟಿ ಮುರಿಯಿರೆಂದು ಯೇಸು ಕೇಳಿಕೊಂಡ ದಿನದ ಅಡುಗೆಗೆ ಬಳಸುವುದು ಎಷ್ಟು ಸಮಂಜಸ!

ನೀಲಗಿರಿಯ ತಂಪಿನಲ್ಲಿ ಈ ಗಿಡ ಚೆನ್ನಾಗಿ ಬೆಳೆಯುತ್ತದೆ. ಬೆಂಗಳೂರಿನ ಕೈತೋಟಗಳಲ್ಲಿಯೂ ಕಾಣಸಿಗುತ್ತದೆ. ಕರಾವಳಿಯ ಮಳೆಗೆ ಬೇರು ಕೊಳೆಯುವುದರಿಂದ ನಮ್ಮವರು ಅದನ್ನು ಕುಂಡದಲ್ಲಿ ನೆಟ್ಟು, ಮಳೆಗಾಲದಲ್ಲಿ ಮಾಡಿನ ಕೆಳಗೆ ಸರಿಸಬೇಕು. ಹಸಿ ಎಲೆ ಸಿಗದವರು ಪೇಟೆಯ ಅಂಗಡಿಗಳಲ್ಲಿ ದೊರೆಯುವ ಒಣ ಎಲೆಯನ್ನು ಬಳಸಬಹುದು. ಆಗ ಪ್ರಮಾಣ ಮೂರನೆಯ ಒಂದು ಭಾಗ ಸಾಕು.

ಹುಳಿಯ ಪ್ರಶ್ನೆ

ಮೊದಲ ವರ್ಷ ನಾನು ಇದನ್ನು ಮಾಡಹೊರಟಾಗ ನನ್ನ ಅತ್ತೆಯವರು ಒಪ್ಪಲಿಲ್ಲ. “ಪವಿತ್ರ ಗುರುವಾರ ಹುಳಿ ಹಾಕಿದ ರೊಟ್ಟಿಯೇ? ಯೇಸುಸ್ವಾಮಿ ಮುರಿದದ್ದು ಹುಳಿಯಿಲ್ಲದ ರೊಟ್ಟಿಯಲ್ಲವೇ ಮಗಾ?” ಎಂದು ಕೇಳಿದರು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅವರ ಪ್ರಶ್ನೆ ನ್ಯಾಯವಾದುದೇ ಆಗಿತ್ತು.

ಈಜಿಪ್ಟಿನಿಂದ ಆತುರದಲ್ಲಿ ಹೊರಟ ಇಸ್ರಯೇಲರಿಗೆ ಹಿಟ್ಟು ಉಬ್ಬುವ ತನಕ ಕಾಯಲು ಸಮಯವಿರಲಿಲ್ಲವೆಂದು ವಿಮೋಚನಾ ಕಾಂಡವು ಹೇಳುತ್ತದೆ. ಅದರ ನೆನಪಿಗಾಗಿ ಪಾಸ್ಖದ ದಿನಗಳಲ್ಲಿ ಹುಳಿ ನಿಷಿದ್ಧವಾಯಿತು. ನಮ್ಮ ಲ್ಯಾಟಿನ್ ವಿಧಿಯ ಧರ್ಮಸಭೆಯಲ್ಲಿ ಬಲಿಪೂಜೆಗೆ ಗೋದಿಯ ಹುಳಿಯಿಲ್ಲದ ರೊಟ್ಟಿಯನ್ನೇ ಬಳಸಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ವಿಧಿಸುತ್ತದೆ. ಬಿಜಾಂಟಿಯನ್ ವಿಧಿಯ ನಮ್ಮ ಪೂರ್ವ ಸಹೋದರರಾದರೋ ಹುಳಿ ಹಾಕಿದ ರೊಟ್ಟಿಯನ್ನೇ ಪೀಠದ ಮೇಲಿಡುತ್ತಾರೆ.

ಶುಭಸಂದೇಶದಲ್ಲಿಯೂ ಹುಳಿಗೆ ಎರಡು ಮುಖಗಳಿವೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿ ಕೆಡುಕು ಮತ್ತು ದ್ವೇಷಗಳನ್ನು ಹಳೆಯ ಹುಳಿಗೆ ಹೋಲಿಸಿ ಅದನ್ನು ತೆಗೆದುಹಾಕುವಂತೆ ಬೋಧಿಸುತ್ತಾರೆ. ಸಂತ ಮತ್ತಾಯರ ಹದಿಮೂರನೆಯ ಅಧ್ಯಾಯದಲ್ಲಾದರೋ ಯೇಸುಸ್ವಾಮಿಯು ಸ್ವರ್ಗ ಸಾಮ್ರಾಜ್ಯವನ್ನೇ ಹುಳಿಗೆ ಹೋಲಿಸುತ್ತಾರೆ. ಹೆಂಗಸೊಬ್ಬಳು ಅದನ್ನು ಮೂರು ಅಳತೆ ಹಿಟ್ಟಿನಲ್ಲಿ ಬೆರೆಸಿಡುತ್ತಾಳೆ. ಆ ಮೂರು ಅಳತೆ ಸಣ್ಣ ಪ್ರಮಾಣವಲ್ಲ. ನೂರಕ್ಕೂ ಹೆಚ್ಚು ಜನರಿಗೆ ಸಾಲುವಷ್ಟು ಹಿಟ್ಟು. ಆ ಹೆಂಗಸು ತನ್ನ ಮನೆಗಾಗಿ ಮಾತ್ರ ಹಿಟ್ಟು ನಾದುತ್ತಿರಲಿಲ್ಲವೆಂಬುದು ಸ್ಪಷ್ಟ.

ಆದ್ದರಿಂದ ಒಂದು ಮಾತನ್ನು ಮನದಟ್ಟು ಮಾಡಿಕೊಂಡರೆ ಸಾಕು. ಮನೆಯ ರೊಟ್ಟಿ ಪರಮ ಪ್ರಸಾದವಲ್ಲ. ಅದನ್ನು ಪರಮ ಪ್ರಸಾದದ ಅನುಕರಣೆಯಾಗಿ ಹಂಚಲೂ ಬಾರದು. ಧರ್ಮಗುರುಗಳು ಆಶೀರ್ವದಿಸಿದರೂ ಅದು ಆಶೀರ್ವದಿತ ಆಹಾರವೇ ಹೊರತು ಬೇರೆಯಲ್ಲ. ಮಕ್ಕಳಿಗೆ ಇದನ್ನು ತಿಳಿಯಹೇಳುವುದು ಹಿರಿಯರ ಹೊಣೆ. ಈ ಅಂತರವನ್ನು ಕಾಪಾಡಿಕೊಂಡಾಗ ಮನೆಯ ರೊಟ್ಟಿ ಪೀಠದ ರೊಟ್ಟಿಗೆ ಎದುರಾಗಿ ನಿಲ್ಲುವುದಿಲ್ಲ, ಅದರತ್ತ ಬೆರಳು ತೋರಿಸುತ್ತದೆ. ಇಷ್ಟನ್ನು ಹೇಳಿದ ಮೇಲೆ ಅತ್ತೆಯವರು “ಹಾಗಾದರೆ ಮಾಡು, ನೋಡುವ” ಎಂದರು.

ಮಾಡುವ ಕ್ರಮ

ಹನ್ನೆರಡು ಬನ್ನುಗಳಿಗೆ ಬೇಕಾಗುವ ಸಾಮಗ್ರಿ: ಮೈದಾ 500 ಗ್ರಾಂ (ಇಷ್ಟವಿದ್ದವರು 400 ಗ್ರಾಂ ಮೈದಾಕ್ಕೆ 100 ಗ್ರಾಂ ಗೋದಿ ಹಿಟ್ಟು ಸೇರಿಸಬಹುದು), ಒಣ ಯೀಸ್ಟ್ 7 ಗ್ರಾಂ, ಸಕ್ಕರೆ 50 ಗ್ರಾಂ, ಉಪ್ಪು ಒಂದು ಚಹಾ ಚಮಚ, ಆಲಿವ್ ಎಣ್ಣೆ 60 ಮಿಲಿಲೀಟರ್, ಒಣದ್ರಾಕ್ಷಿ 150 ಗ್ರಾಂ, ಬಿಡಿಸಿದ ಹಸಿ ರೋಸ್‌ಮೆರಿ ಎಲೆ ಎರಡು ದೊಡ್ಡ ಚಮಚ, ಉಗುರು ಬೆಚ್ಚಗಿನ ನೀರು ಸುಮಾರು 280 ಮಿಲಿಲೀಟರ್. ಮೇಲೆ ಸವರಲು ಎರಡು ದೊಡ್ಡ ಚಮಚ ಸಕ್ಕರೆಯನ್ನು ಅಷ್ಟೇ ನೀರಿನಲ್ಲಿ ಕುದಿಸಿದ ಪಾಕ.

ಮೊದಲು ಎಣ್ಣೆಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಅರ್ಧದಷ್ಟು ಎಲೆಯನ್ನು ಹಾಕಿ ಇಳಿಸಬೇಕು. ಎಣ್ಣೆ ಹೊಗೆಯಾಡಬಾರದು, ಎಲೆ ಕಪ್ಪಾಗಬಾರದು. ಅದು ಪೂರ್ತಿ ತಣಿದ ಮೇಲೆ ಎಲೆಯನ್ನು ಸೋಸಿ ತೆಗೆಯಬೇಕು. ಪರಿಮಳವೆಲ್ಲ ಎಣ್ಣೆಗಿಳಿದಿರುತ್ತದೆ. ಉಳಿದ ಎಲೆಯನ್ನು ಸಣ್ಣಗೆ ಹೆಚ್ಚಿಟ್ಟುಕೊಳ್ಳಬೇಕು. ದ್ರಾಕ್ಷಿಯನ್ನು ಕಾಲು ಗಂಟೆ ಬೆಚ್ಚನೆಯ ನೀರಿನಲ್ಲಿ ನೆನೆಸಿ, ಹಿಂಡಿ, ಬಟ್ಟೆಯ ಮೇಲೆ ಹರಡಬೇಕು. ನೆನೆಸದಿದ್ದರೆ ಅದು ಹಿಟ್ಟಿನ ನೀರನ್ನೇ ಹೀರಿಕೊಳ್ಳುತ್ತದೆ.

ಯೀಸ್ಟನ್ನು ಒಂದು ಚಮಚ ಸಕ್ಕರೆಯೊಡನೆ ಸ್ವಲ್ಪ ಬೆಚ್ಚನೆಯ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟರೆ ನೊರೆ ಬರುತ್ತದೆ. ನೊರೆ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ ಹೊಸ ಯೀಸ್ಟ್ ತರುವುದು ಲೇಸು. ನೊರೆ ಬಂದುದನ್ನು ಹಿಟ್ಟು, ಉಳಿದ ಸಕ್ಕರೆ, ಉಪ್ಪು, ನೀರು ಮತ್ತು ಸೋಸಿದ ಎಣ್ಣೆಯೊಡನೆ ಕಲಸಿ, ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ನಾದಬೇಕು. ನಾದುವಾಗ ಗೋದಿಯ ಅಂಟು ಬಲೆಯಂತೆ ಹೆಣೆದುಕೊಳ್ಳುತ್ತದೆ. ಯೀಸ್ಟ್ ಬಿಡುವ ಅನಿಲವನ್ನು ಹಿಡಿದಿಡುವುದು ಅದೇ ಬಲೆ. ಹಿಟ್ಟು ಕೈಗಂಟದೆ ನುಣುಪಾದಾಗ ಒದ್ದೆ ಬಟ್ಟೆ ಮುಚ್ಚಿಡಬೇಕು. ನಮ್ಮ ಚೈತ್ರದ ಬಿಸಿಲಿಗೆ ಒಂದು ಗಂಟೆಯೊಳಗೆ ಅದು ಇಮ್ಮಡಿಯಾಗುತ್ತದೆ.

ಅನಂತರ ದ್ರಾಕ್ಷಿಯನ್ನೂ ಹೆಚ್ಚಿದ ಎಲೆಯನ್ನೂ ಸೇರಿಸಿ ಮೆಲ್ಲನೆ ನಾದಿ, ಹನ್ನೆರಡು ಉಂಡೆ ಕಟ್ಟಿ, ಎಣ್ಣೆ ಸವರಿದ ತಟ್ಟೆಯಲ್ಲಿ ಅಂತರ ಬಿಟ್ಟು ಜೋಡಿಸಿ, ಅರ್ಧ ಗಂಟೆಯಿಂದ ನಲವತ್ತು ನಿಮಿಷ ಮತ್ತೆ ಉಬ್ಬಲು ಬಿಡಬೇಕು. ಒಲೆಗಿಡುವ ಮುನ್ನ ಹರಿತವಾದ ಚೂರಿಯಿಂದ ಒಂದೊಂದರ ಮೇಲೂ ಶಿಲುಬೆಯಾಕಾರದಲ್ಲಿ ಗೀರಬೇಕು. ಮೊದಲೇ ಕಾಯಿಸಿದ ಓವನಿನಲ್ಲಿ 190 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 20 ನಿಮಿಷ ಬೇಯಿಸಬೇಕು. ತಳವನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆಯೆಂದು ತಿಳಿಯಬೇಕು. ಬಿಸಿಯಿರುವಾಗಲೇ ಸಕ್ಕರೆ ಪಾಕವನ್ನು ಸವರಬೇಕು. ಓವನ್ ಚಿಕ್ಕದಾಗಿದ್ದರೆ ಆರಾರರಂತೆ ಎರಡು ಸಲ ಬೇಯಿಸಬಹುದು. ಎರಡನೆಯ ಪಾಲಿನ ಹಿಟ್ಟನ್ನು ಅಲ್ಲಿಯವರೆಗೆ ತಂಪಾದ ಸ್ಥಳದಲ್ಲಿಡಬೇಕು.

ಮಧ್ಯಾಹ್ನ ಒಂದು ಗಂಟೆಗೆ ಹಿಟ್ಟು ನಾದಿದರೆ ನಾಲ್ಕು ಗಂಟೆಯ ಹೊತ್ತಿಗೆ ರೊಟ್ಟಿ ಸಿದ್ಧವಾಗಿ, ಸಂಜೆಯ ಪೂಜೆಗೆ ಹೊರಡಲು ಸಾಕಷ್ಟು ಸಮಯವುಳಿಯುತ್ತದೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ್ದರಿಂದ ಮಿಕ್ಕ ಬನ್ನು ಶುಭ ಶುಕ್ರವಾರದ ಲಘು ಆಹಾರಕ್ಕೂ ಒದಗುತ್ತದೆ.

ಸತ್ತ ಹಿಟ್ಟು

ಇಷ್ಟು ವಿವರವಾಗಿ ಬರೆಯುವ ನಾನು ಮೊದಲ ವರ್ಷ ಸೋತವಳು. ಬೇಗ ಉಬ್ಬಲೆಂಬ ಆಸೆಯಿಂದ ಕುದಿಯುವಷ್ಟು ಬಿಸಿನೀರನ್ನು ಯೀಸ್ಟಿಗೆ ಸುರಿದಿದ್ದೆ. ಎರಡು ಗಂಟೆ ಕಳೆದರೂ ಹಿಟ್ಟು ಇದ್ದಲ್ಲೇ ಇತ್ತು. ಅತ್ತೆಯವರು ಬಂದು, ಬಟ್ಟೆ ಸರಿಸಿ, ಎರಡು ಬೆರಳಿನಿಂದ ಒತ್ತಿ ನೋಡಿ, “ಇದು ಸತ್ತಿದೆ” ಎಂದರು. ಯೀಸ್ಟಿನ ಪೊಟ್ಟಣವನ್ನು ಎಂದೂ ಕೈಯಲ್ಲಿ ಹಿಡಿಯದ ಅವರಿಗೆ ಅದು ಹೇಗೆ ತಿಳಿಯಿತು?

ಅವರಿಗೆ ತಿಳಿದದ್ದು ಸನ್ನದಿಂದ. ಅರುವತ್ತು ವರ್ಷ ಅಕ್ಕಿ ಹಿಟ್ಟಿಗೆ ಕಳ್ಳು ಬೆರೆಸಿ ಸನ್ನ ಮಾಡಿದ ಕೈ ಅದು. ಕಳ್ಳಿನಲ್ಲಿ ತಾನಾಗಿ ನೆಲೆಸಿರುವ ಜೀವಿಗಳಲ್ಲಿ ಮುಖ್ಯವಾದುದೂ, ಪೊಟ್ಟಣದ ಯೀಸ್ಟೂ ಒಂದೇ ಜಾತಿಯವು. ಸಕ್ಕರೆಯನ್ನು ತಿಂದು ಅನಿಲ ಬಿಡುವ ಬರಿಗಣ್ಣಿಗೆ ಕಾಣದ ಜೀವಿಗಳು ಅವು. ಹುದುಗುವಿಕೆ ಜೀವಂತ ಕಣಗಳ ಕೆಲಸವೆಂದು ಲೂಯಿ ಪಾಶ್ಚರ್ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟನು. ಸುಮಾರು 55 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅವು ಸಾಯುತ್ತವೆ; ಕೈಗೆ ಹಿತವೆನಿಸುವಷ್ಟು ಬೆಚ್ಚಗಿದ್ದರೆ ಬದುಕುತ್ತವೆ. “ಮಗುವನ್ನು ಮೀಯಿಸುವ ನೀರಿನಷ್ಟು ಬಿಸಿ ಸಾಕಿತ್ತು” ಎಂದು ಅತ್ತೆಯವರು ಹೇಳಿದರು. ಉಷ್ಣಮಾಪಕವಿಲ್ಲದ ಮನೆಗೆ ಇದಕ್ಕಿಂತ ಒಳ್ಳೆಯ ಅಳತೆಯಿಲ್ಲ.

ಅಂದು ಕಲ್ಲಿನಂತಾದ ಆ ರೊಟ್ಟಿಯನ್ನು ಎಸೆಯಲು ಅವರು ಬಿಡಲಿಲ್ಲ. ತುಂಡು ಮಾಡಿ ಚಹಾದಲ್ಲಿ ಅದ್ದಿ ಎಲ್ಲರೂ ತಿಂದೆವು. ಅನ್ನವನ್ನು ಎಸೆಯುವವನು ನಿತ್ಯದ ರೊಟ್ಟಿಗಾಗಿ ದೇವರನ್ನು ಬೇಡುವುದು ಹೇಗೆಂಬುದು ಅವರ ವಾದ.

ಹನ್ನೆರಡು ಬನ್ನು, ನಾಲ್ಕು ಜನ

ಮರುವರ್ಷ ಹಿಟ್ಟು ಉಬ್ಬಿತು. ಮನೆ ತುಂಬ ಪರಿಮಳ ಹರಡಿತು. ಪೂಜೆ ಮುಗಿಸಿ, ಜಾಗರಣೆಗೆ ಸ್ವಲ್ಪ ಹೊತ್ತು ಕುಳಿತು ಮನೆಗೆ ಬಂದು, ಪ್ರಾರ್ಥನೆ ಹೇಳಿ ನನ್ನ ಪತಿ ರೊಟ್ಟಿ ಮುರಿದರು. ಮನೆಯಲ್ಲಿ ನಾವು ನಾಲ್ವರು; ತಟ್ಟೆಯಲ್ಲಿ ಹನ್ನೆರಡು ಬನ್ನು. ಅರ್ಧ ಪ್ರಮಾಣದಲ್ಲಿ ಮಾಡಬಹುದಾಗಿತ್ತೆಂದು ನಾನು ಅಂದುಕೊಳ್ಳುತ್ತಿದ್ದಂತೆ ಅತ್ತೆಯವರು ಎದ್ದು, ಒಂದು ತಟ್ಟೆಯಲ್ಲಿ ನಾಲ್ಕು ಬನ್ನುಗಳನ್ನಿಟ್ಟು, ಶುಭ್ರವಾದ ಬಟ್ಟೆ ಮುಚ್ಚಿ, “ಇದನ್ನು ಆಚೆ ಮನೆಗೆ ಕೊಟ್ಟು ಬಾ” ಎಂದರು.

ಆಚೆ ಮನೆಯೆಂದರೆ ನನ್ನ ಪತಿಯ ದೊಡ್ಡಪ್ಪನ ಮಗನ ಮನೆ. ಆವರಣದ ಗೋಡೆಯ ವಿಷಯದಲ್ಲಿ ಮನಸ್ತಾಪವಾಗಿ ಮೂರು ವರ್ಷಗಳಿಂದ ನಮ್ಮ ನಡುವೆ ಮಾತಿರಲಿಲ್ಲ. ಒಂದೇ ಚರ್ಚಿನಲ್ಲಿ ಒಂದೇ ಪೀಠದ ಮುಂದೆ ಪರಮ ಪ್ರಸಾದ ಸ್ವೀಕರಿಸಿ, ಬೇರೆ ಬೇರೆ ಬಾಗಿಲಿನಿಂದ ಹೊರಬರುತ್ತಿದ್ದೆವು. ನಾನು ಅನುಮಾನಿಸಿದೆ. ಅತ್ತೆಯವರು ಮೆಲುದನಿಯಲ್ಲಿ, “ರೊಟ್ಟಿಯಲ್ಲಿ ಹುಳಿ ಇದ್ದರೆ ಇರಲಿ ಎಂದು ನೀನೇ ಹೇಳಿದೆಯಲ್ಲ. ತೆಗೆಯಬೇಕಾದ ಹುಳಿ ಬೇರೆಯದು” ಎಂದರು. ಸಂತ ಪೌಲರ ಪತ್ರವನ್ನು ನಾನು ಓದಿ ಹೇಳಿದ್ದೆ. ಅರ್ಥ ಮಾಡಿಕೊಂಡವರು ಅವರು.

ಹೋಗಿ ಕೊಟ್ಟು ಬಂದೆ. ಬಾಗಿಲು ತೆರೆದ ಅಕ್ಕ ತಟ್ಟೆ ತೆಗೆದುಕೊಂಡರು. ಹೆಚ್ಚಿನ ಮಾತೇನೂ ಆಗಲಿಲ್ಲ. ಶನಿವಾರ ಬೆಳಿಗ್ಗೆ ತಟ್ಟೆ ಹಿಂತಿರುಗಿತು. ನಮ್ಮ ಕಡೆಯ ಸಂಪ್ರದಾಯದಂತೆ ಅದು ಬರಿದಾಗಿರಲಿಲ್ಲ. ಅದರಲ್ಲಿ ಅವರ ಮರದ ಮಾವಿನ ಮಿಡಿಗಳಿದ್ದವು. ಆ ರಾತ್ರಿ ಪಾಸ್ಖದ ಜಾಗರಣೆಗೆ ಎರಡೂ ಮನೆಯವರು ಒಂದೇ ವಾಹನದಲ್ಲಿ ಹೋದೆವು. ಗೋಡೆ ಇದ್ದಲ್ಲೇ ಇದೆ. ಅದರ ತೀರ್ಮಾನವಿನ್ನೂ ಆಗಿಲ್ಲ. ಆದರೆ ಮಾತು ಬೆಳೆಯುತ್ತಿದೆ.

ಹುಳಿ ಕೆಲಸ ಮಾಡುವುದು ಹೀಗೆಯೇ. ಅದು ಕಣ್ಣಿಗೆ ಕಾಣುವುದಿಲ್ಲ, ಅವಸರಪಡಿಸಿದರೆ ಸಾಯುತ್ತದೆ, ಬಟ್ಟೆ ಮುಚ್ಚಿ ಕಾದರೆ ಹಿಟ್ಟನ್ನೆಲ್ಲ ಎತ್ತುತ್ತದೆ. ಎಮ್ಮಾವುಸಿಗೆ ಹೋಗುತ್ತಿದ್ದ ಇಬ್ಬರು ಶಿಷ್ಯರು ದಾರಿಯುದ್ದಕ್ಕೂ ಜೊತೆಗೆ ನಡೆದವರನ್ನು ಗುರುತಿಸಿದ್ದು ಮೇಜಿನ ಬಳಿ, ರೊಟ್ಟಿ ಮುರಿದಾಗ. ನಮ್ಮ ಮನೆಯವರನ್ನು, ಆಚೆ ಮನೆಯವರನ್ನು ನಾವು ಮತ್ತೆ ಗುರುತಿಸಬೇಕಾದುದೂ ಅಲ್ಲಿಯೇ.

ಈ ವರ್ಷದ ಪವಿತ್ರ ಗುರುವಾರ ನಮ್ಮ ಓದುಗ ಕುಟುಂಬಗಳಲ್ಲಿ ಕೆಲವಾದರೂ ಹಿಟ್ಟು ನಾದಲಿ. ರೋಸ್‌ಮೆರಿ ಸಿಗದಿದ್ದರೆ ಅದಿಲ್ಲದೆಯೇ ಮಾಡಲಿ; ಸನ್ನವನ್ನೇ ಮಾಡಿದರೂ ಸಂತೋಷ. ಆದರೆ ಪ್ರಮಾಣವನ್ನು ಅರ್ಧಕ್ಕಿಳಿಸಬಾರದೆಂದು ನನ್ನ ವಿನಂತಿ. ಮನೆಯವರು ತಿಂದು ಮಿಕ್ಕ ಬನ್ನುಗಳು ಯಾವ ಬಾಗಿಲಿಗೆ ಹೋಗಬೇಕೆಂಬುದು ಪ್ರತಿ ಮನೆಗೂ ತಿಳಿದೇ ಇರುತ್ತದೆ.